ಸರ್ಕ್ಯೂಟ್ ಬ್ರೇಕರುಗಳ ಕಾಲ ಹೊಂದಾಣಿಕೆ

ವಿದ್ಯುತ್ ಜಾಲದ ಯಾವುದೇ ಜಾಗದಲ್ಲಿ ದೋಷ ಉಂಟಾದಾಗ ಅದಕ್ಕೆ ತೀರ ಹತ್ತಿರದ ಬ್ರೇಕರ್ ಮಾತ್ರ ಮೊದಲು ತೆರೆದುಕೊಳ್ಳಬೇಕು. ಅದು ಕೈಕೊಟ್ಟರಷ್ಟೇ ಅದರ ಹಿಂದಿನದು ತೆರೆದುಕೊಳ್ಳಬೇಕು. ಇದಕ್ಕಾಗಿ, ಬ್ರೇಕರಿಗೆ ತೆರೆಯುವ ಆದೇಶ ಕೊಡುವ ಪ್ರತಿಯೊಂದು ರಿಲೇಯೂ ಎಷ್ಟು ಕರೆಂಟಿಗೆ ಎಚ್ಚರಗೊಳ್ಳಬೇಕು, ಎಚ್ಚರಗೊಂಡ ಮೇಲೆ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಮೊದಲೇ ಲೆಕ್ಕಹಾಕಿ ಗೊತ್ತುಮಾಡಿಡುವ ಎಂಜಿನಿಯರಿಂಗ್ ಕ್ರಮವೇ ಕಾಲ ಹೊಂದಾಣಿಕೆ. ಉಪಕೇಂದ್ರಗಳಲ್ಲಿ ಕೆಲಸ ಮಾಡುವವರು ಇದನ್ನು ‘ರಿಲೇ ಕೋಆರ್ಡಿನೇಷನ್’ ಅಥವಾ ‘ಗ್ರೇಡಿಂಗ್’ ಎನ್ನುತ್ತಾರೆ. ಹೊಂದಾಣಿಕೆ ಸರಿಯಿದ್ದರೆ ಒಂದು ಬೀದಿಯ ಕರೆಂಟ್ ಹೋಗುತ್ತದೆ. ತಪ್ಪಿದರೆ ಅದೇ ದೋಷಕ್ಕೆ ಒಂದು ತಾಲ್ಲೂಕೇ ಕತ್ತಲಾಗುತ್ತದೆ.

ರಕ್ಷಣಾ ವ್ಯವಸ್ಥೆಯ ಮುಂದೆ ಪರಸ್ಪರ ಒಪ್ಪದ ಎರಡು ಬೇಡಿಕೆಗಳಿವೆ. ಷಾರ್ಟ್ ಸರ್ಕ್ಯೂಟ್ ಆದಾಗ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೂ ಕಾಲಕ್ಕೂ ಅನುಗುಣವಾಗಿ ಏರುತ್ತದೆ. ಹೀಗಾಗಿ ತಂತಿ, ಕೇಬಲ್, ಟ್ರಾನ್ಸ್‌ಫಾರ್ಮರುಗಳು ಉಳಿಯಬೇಕೆಂದರೆ ಆದಷ್ಟು ಬೇಗ ಕಡಿತ ಮಾಡಬೇಕು. ಆದರೆ ದೋಷದ ಕರೆಂಟು ಹುಟ್ಟುವ ಮೂಲದಿಂದ ದೋಷದ ಜಾಗದವರೆಗೆ ಇರುವ ಎಲ್ಲ ಬ್ರೇಕರುಗಳ ಮೂಲಕವೂ ಹಾದುಹೋಗುತ್ತದೆ. ಎಲ್ಲವೂ ಆತುರಪಟ್ಟರೆ ಎಲ್ಲವೂ ಒಟ್ಟಿಗೇ ತೆರೆದುಕೊಳ್ಳುತ್ತವೆ. ಯಾರೋ ಒಬ್ಬರು ಕಾಯಲೇಬೇಕು. ಯಾರು ಕಾಯಬೇಕು, ಎಷ್ಟು ಮಿಲಿಸೆಕೆಂಡ್ ಕಾಯಬೇಕು ಎಂಬುದೇ ಈ ವಿಷಯದ ತಿರುಳು.

ಹಿನ್ನೆಲೆ

ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ 1902ರಲ್ಲಿ ಸುಮಾರು 148 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಬಂತು. ಒಂದು ಕೇಂದ್ರದಿಂದ ಒಂದೆರಡು ಊರುಗಳಿಗೆ ನೇರ ಎಳೆದ ಇಂಥ ತಂತಿಗಳ ಕಾಲದಲ್ಲಿ ಎಲ್ಲಿಯ ಬ್ರೇಕರ್ ಮೊದಲು ತೆರೆಯಬೇಕೆಂಬ ಪ್ರಶ್ನೆ ಅಷ್ಟಾಗಿ ಕಾಡುತ್ತಿರಲಿಲ್ಲ. ಜಾಲ ಕವಲೊಡೆದು, ಒಂದಕ್ಕೊಂದು ಹೆಣೆದುಕೊಂಡಂತೆ ಆ ಪ್ರಶ್ನೆ ದೊಡ್ಡದಾಯಿತು. ಇಂಗ್ಲೆಂಡಿನ ಚಾರ್ಲ್ಸ್ ಮೆರ್ಜ್ ಮತ್ತು ಬರ್ನಾರ್ಡ್ ಪ್ರೈಸ್ 1904ರಲ್ಲಿ ಪೇಟೆಂಟ್ ಪಡೆದ ಪದ್ಧತಿ ಕಾಲದ ಗೊಡವೆಗೇ ಹೋಗಲಿಲ್ಲ. ಕೇಬಲಿನ ಒಂದು ತುದಿಯಲ್ಲಿ ಒಳಹೋದ ಕರೆಂಟನ್ನು ಇನ್ನೊಂದು ತುದಿಯಲ್ಲಿ ಹೊರಬಂದ ಕರೆಂಟಿಗೆ ಹೋಲಿಸಿ, ವ್ಯತ್ಯಾಸ ಕಂಡರೆ ತಕ್ಷಣ ಕಡಿತ ಮಾಡುವುದು ಅದರ ತತ್ವ. ಇಂದಿಗೂ ಟ್ರಾನ್ಸ್‌ಫಾರ್ಮರ್ ಮತ್ತು ಬಸ್‌ಬಾರುಗಳ ಡಿಫರೆನ್ಷಿಯಲ್ ರಕ್ಷಣೆ ಇದೇ ತತ್ವದ ಮೇಲೆ ನಿಂತಿದೆ. ಆದರೆ ಇದಕ್ಕೆ ಎರಡೂ ತುದಿಗಳ ನಡುವೆ ಸಂಪರ್ಕದ ತಂತಿ ಬೇಕು, ಖರ್ಚು ಹೆಚ್ಚು. ಊರೂರಿಗೆ ಹೋಗುವ ವಿತರಣಾ ಫೀಡರುಗಳಿಗೆ ಕರೆಂಟು ಮತ್ತು ಕಾಲವನ್ನಷ್ಟೇ ನೋಡುವ ರಿಲೇಗಳೇ ಗತಿಯಾದವು. ಹೊಂದಾಣಿಕೆಯ ಲೆಕ್ಕ ಬೆಳೆದದ್ದು ಈ ಅನಿವಾರ್ಯತೆಯಿಂದ.

ಒಂದು ಟ್ರಿಪ್ಪಿನ ಒಳಗೆ

‘ಬ್ರೇಕರ್ ಟ್ರಿಪ್ ಆಯಿತು’ ಎಂಬ ಮಾತಿನ ಹಿಂದೆ ಸಾಲಾಗಿ ನಡೆಯುವ ಹಲವು ಘಟನೆಗಳಿವೆ. ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ಸಿಟಿ, ನೂರಾರು ಆಂಪಿಯರ್ ಕರೆಂಟನ್ನು 1 ಅಥವಾ 5 ಆಂಪಿಯರ್ ಮಟ್ಟಕ್ಕೆ ಇಳಿಸಿ ರಿಲೇಗೆ ಕೊಡುತ್ತದೆ. ರಿಲೇ ಅಳೆಯುತ್ತದೆ, ತೀರ್ಮಾನಿಸುತ್ತದೆ, ತನ್ನ ಸಂಪರ್ಕವನ್ನು ಮುಚ್ಚುತ್ತದೆ. ಉಪಕೇಂದ್ರದ ಬ್ಯಾಟರಿಯಿಂದ 110 ಅಥವಾ 220 ವೋಲ್ಟ್ ಡಿಸಿ ಬ್ರೇಕರಿನ ಟ್ರಿಪ್ ಕಾಯಿಲಿಗೆ ಹರಿಯುತ್ತದೆ. ಕಾಯಿಲ್ ಕೊಂಡಿಯನ್ನು ಬಿಡಿಸಿದಾಗ ಸ್ಪ್ರಿಂಗಿನಲ್ಲಿ ಕೂಡಿಟ್ಟ ಶಕ್ತಿ ಸಂಪರ್ಕಗಳನ್ನು ಎಳೆದು ಬೇರ್ಪಡಿಸುತ್ತದೆ. ಆಗಲೂ ಕರೆಂಟು ನಿಲ್ಲುವುದಿಲ್ಲ. ಬೇರ್ಪಟ್ಟ ಸಂಪರ್ಕಗಳ ನಡುವೆ ಆರ್ಕ್ ಉರಿಯುತ್ತಿರುತ್ತದೆ. ಕರೆಂಟಿನ ಅಲೆ ಶೂನ್ಯವನ್ನು ಹಾಯುವಾಗ ನಿರ್ವಾತವೋ ಎಸ್‌ಎಫ್6 ಅನಿಲವೋ ಆ ಆರ್ಕನ್ನು ಆರಿಸಿದ ಮೇಲೆಯೇ ದೋಷ ತೆರವಾದಂತೆ.

ಭಾರತದ 50 ಹರ್ಟ್ಜ್ ಜಾಲದಲ್ಲಿ ಒಂದು ಸೈಕಲ್ ಎಂದರೆ 20 ಮಿಲಿಸೆಕೆಂಡ್. 400 ಕಿಲೋವೋಲ್ಟ್ ಬ್ರೇಕರುಗಳು ಸಾಮಾನ್ಯವಾಗಿ 2 ಸೈಕಲ್‌ನಲ್ಲಿ, ಅಂದರೆ 40 ಮಿಲಿಸೆಕೆಂಡಿನಲ್ಲಿ, ಕೆಲಸ ಮುಗಿಸುತ್ತವೆ. 11 ಕಿಲೋವೋಲ್ಟಿನ ವ್ಯಾಕ್ಯೂಮ್ ಬ್ರೇಕರಿಗೆ ಸುಮಾರು 3 ಸೈಕಲ್ ಬೇಕು. ಹಳೆಯ ಎಣ್ಣೆ ಬ್ರೇಕರುಗಳಿಗೆ 5 ಸೈಕಲ್, ಅಂದರೆ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕಾಗುತ್ತಿತ್ತು.

ಒಂದರ ಹಿಂದೊಂದು ಇರುವ ಎರಡು ರಿಲೇಗಳ ನಡುವೆ ಬಿಡಬೇಕಾದ ಅಂತರ ಇಲ್ಲಿಂದಲೇ ಹುಟ್ಟುತ್ತದೆ. ಮುಂದಿನ ಬ್ರೇಕರಿಗೆ ತೆರೆದುಕೊಳ್ಳಲು ಬೇಕಾದ ಕಾಲ, ಎರಡೂ ರಿಲೇಗಳ ಮತ್ತು ಸಿಟಿಯ ತಪ್ಪು, ರಿಲೇಯ ‘ಓವರ್‌ಶೂಟ್’, ಇವೆಲ್ಲದರ ಮೇಲೆ ಒಂದಿಷ್ಟು ಸುರಕ್ಷತೆಯ ಅಂತರ: ಇಷ್ಟನ್ನೂ ಕೂಡಿಸಬೇಕು. ಓವರ್‌ಶೂಟ್ ಏನೆಂಬುದು ಹಳೆಯ ರಿಲೇಯನ್ನು ನೋಡಿದವರಿಗೆ ಬೇಗ ಹೊಳೆಯುತ್ತದೆ. ಅದರೊಳಗೆ ಗಾಜಿನ ಹಿಂದೆ ಒಂದು ತೆಳು ಲೋಹದ ತಟ್ಟೆ ತಿರುಗುತ್ತದೆ. ದೋಷ ತೆರವಾಗಿ ಕರೆಂಟು ನಿಂತರೂ ತಟ್ಟೆ ಆ ಕ್ಷಣಕ್ಕೆ ನಿಲ್ಲದೆ ತನ್ನ ಓಟದಲ್ಲಿ ಇನ್ನೊಂದಿಷ್ಟು ಮುಂದೆ ಹೋಗುತ್ತದೆ. ಸಂಪರ್ಕಕ್ಕೆ ತೀರ ಸಮೀಪ ಬಂದಿದ್ದರೆ ದೋಷ ಮುಗಿದ ಮೇಲೂ ಟ್ರಿಪ್ ಕೊಟ್ಟುಬಿಡುತ್ತದೆ. ಇದಕ್ಕೆಂದು ಸುಮಾರು 0.05 ಸೆಕೆಂಡ್ ಮೀಸಲಿಡುವುದು ವಾಡಿಕೆ. ಎಲ್ಲ ಕೂಡಿಸಿದಾಗ ತಟ್ಟೆಯ ರಿಲೇಗಳಿಗೆ 0.4 ಸೆಕೆಂಡ್, ಈಗಿನ ನ್ಯೂಮರಿಕಲ್ ರಿಲೇಗಳಿಗೆ 0.25ರಿಂದ 0.3 ಸೆಕೆಂಡ್ ಅಂತರ ಸಾಕಾಗುತ್ತದೆ. ವ್ಯಾಕ್ಯೂಮ್ ಬ್ರೇಕರ್ ಜೊತೆಯಿದ್ದರೆ ಇನ್ನೂ ಸ್ವಲ್ಪ ಬಿಗಿಮಾಡಬಹುದು, ಆದರೆ ಅನುಭವಸ್ಥರು 0.2ಕ್ಕಿಂತ ಕೆಳಗಿಳಿಯಲು ಒಪ್ಪುವುದಿಲ್ಲ. ಅವರ ಹಟದಲ್ಲಿ ಅರ್ಥವಿದೆ: ಗ್ರೀಸ್ ಒಣಗಿದ ಬ್ರೇಕರ್ ಫ್ಯಾಕ್ಟರಿಯ ಪ್ರಮಾಣಪತ್ರ ಹೇಳಿದಷ್ಟು ಬೇಗ ತೆರೆಯುವುದಿಲ್ಲ.

ವಿಲೋಮ ರೇಖೆಗಳು

ಎಲ್ಲ ರಿಲೇಗಳಿಗೂ ನಿಗದಿತ ಕಾಲವನ್ನೇ ಕೊಟ್ಟರೆ, ತುದಿಯ ರಿಲೇಗೆ 0.3 ಸೆಕೆಂಡ್, ಅದರ ಹಿಂದಿನದಕ್ಕೆ 0.6, ಅದರ ಹಿಂದಿನದಕ್ಕೆ 0.9 ಎಂದು ಏರುತ್ತ ಹೋಗುತ್ತದೆ. ಸರಳ, ಆದರೆ ಇದರಲ್ಲೊಂದು ವಿಪರೀತವಿದೆ: ಮೂಲಕ್ಕೆ ಹತ್ತಿರವಾದಷ್ಟೂ ದೋಷದ ಕರೆಂಟು ದೊಡ್ಡದು, ಅಲ್ಲಿಯೇ ಕಾಯುವಿಕೆಯೂ ಅತಿ ದೀರ್ಘ. ಇದನ್ನು ತಗ್ಗಿಸಲು ಬಂದದ್ದು ಕರೆಂಟು ಹೆಚ್ಚಿದಷ್ಟೂ ಕಾಲ ಕಡಿಮೆಯಾಗುವ ವಿಲೋಮ ರಿಲೇ. ಭಾರತದ ಉಪಕೇಂದ್ರಗಳಲ್ಲಿ ಇದರ ಹೆಸರು ‘ಐಡಿಎಂಟಿ’ (ಇನ್ವರ್ಸ್ ಡೆಫಿನಿಟ್ ಮಿನಿಮಮ್ ಟೈಮ್).

ಅಂತರರಾಷ್ಟ್ರೀಯ ಮಾನಕ ಐಇಸಿ 60255 ಈ ರೇಖೆಗಳಿಗೆ ಸೂತ್ರ ಕೊಟ್ಟಿದೆ. ದೋಷದ ಕರೆಂಟನ್ನು ರಿಲೇಯ ಸೆಟ್ಟಿಂಗಿನಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು ಗುಣಾಂಕ ಎನ್ನೋಣ. ‘ಸ್ಟ್ಯಾಂಡರ್ಡ್ ಇನ್ವರ್ಸ್’ ರೇಖೆಯಲ್ಲಿ ಗುಣಾಂಕದ 0.02ನೇ ಘಾತದಿಂದ 1 ಕಳೆದು, ಉಳಿದುದರಿಂದ 0.14ನ್ನು ಭಾಗಿಸಿ, ಕಾಲಗುಣಕದಿಂದ (ಟಿಎಂಎಸ್) ಗುಣಿಸಿದರೆ ಸೆಕೆಂಡುಗಳು ಸಿಗುತ್ತವೆ. ‘ವೆರಿ ಇನ್ವರ್ಸ್’ ರೇಖೆಯಲ್ಲಿ 13.5ನ್ನು ಗುಣಾಂಕಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಭಾಗಿಸಬೇಕು. ‘ಎಕ್ಸ್‌ಟ್ರೀಮ್ಲಿ ಇನ್ವರ್ಸ್’ ರೇಖೆಯಲ್ಲಿ ಗುಣಾಂಕದ ವರ್ಗದಿಂದ 1 ಕಳೆದು, ಉಳಿದುದರಿಂದ 80ನ್ನು ಭಾಗಿಸಬೇಕು. ಕಾಲಗುಣಕ 1 ಇಟ್ಟು ಹತ್ತು ಪಟ್ಟು ಕರೆಂಟು ಹರಿಸಿದರೆ ಮೊದಲನೆಯದು 2.97, ಎರಡನೆಯದು 1.5, ಮೂರನೆಯದು 0.81 ಸೆಕೆಂಡಿನಲ್ಲಿ ಟ್ರಿಪ್ ಕೊಡುತ್ತದೆ. ಎರಡೇ ಪಟ್ಟು ಹರಿಸಿದರೆ ಕ್ರಮ ತಿರುಗಾಮುರುಗಾ: ಮೊದಲನೆಯದು 10 ಸೆಕೆಂಡಿಗೆ, ಮೂರನೆಯದು ಸುಮಾರು 27 ಸೆಕೆಂಡಿಗೆ. ಎಕ್ಸ್‌ಟ್ರೀಮ್ಲಿ ಇನ್ವರ್ಸ್ ರೇಖೆ ಫ್ಯೂಸಿನ ಕರಗುವ ರೇಖೆಗೆ ಹತ್ತಿರವಾಗಿರುವುದರಿಂದ ಮುಂದೆ ಫ್ಯೂಸ್ ಇರುವ ಫೀಡರುಗಳಿಗೆ ಅದು ಒಗ್ಗುತ್ತದೆ. ಭಾರತದಲ್ಲಿ ಮಾತ್ರ ರೂಢಿಯ ಬಲದಿಂದ ಎಲ್ಲೆಲ್ಲೂ ಸ್ಟ್ಯಾಂಡರ್ಡ್ ಇನ್ವರ್ಸ್ ರೇಖೆಯೇ ಕಾಣುತ್ತದೆ. ನ್ಯೂಮರಿಕಲ್ ರಿಲೇಯಲ್ಲಿ ಎಲ್ಲ ರೇಖೆಗಳೂ ಲಭ್ಯವಿದ್ದಾಗಲೂ ಹಳೆಯದನ್ನೇ ಆರಿಸುವುದು ಅಭ್ಯಾಸವೇ ಹೊರತು ಲೆಕ್ಕವಲ್ಲ.

ಒಂದು ಉಪಕೇಂದ್ರದ ಲೆಕ್ಕ

ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದಲ್ಲಿ ಕಾಣುವ 66/11 ಕಿಲೋವೋಲ್ಟ್ ಉಪಕೇಂದ್ರವನ್ನು ಮಾದರಿಯಾಗಿ ತೆಗೆದುಕೊಳ್ಳೋಣ. ಇಲ್ಲಿಯ ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು. 20 ಎಂವಿಎ ಟ್ರಾನ್ಸ್‌ಫಾರ್ಮರ್ ಒಂದಿದೆ. ಅದರ ಪೂರ್ಣ ಲೋಡ್ ಕರೆಂಟು 11 ಕಿಲೋವೋಲ್ಟ್ ಕಡೆ 1,050 ಆಂಪಿಯರ್, 66 ಕಿಲೋವೋಲ್ಟ್ ಕಡೆ 175 ಆಂಪಿಯರ್. 11 ಕಿಲೋವೋಲ್ಟ್ ಬಸ್ಸಿನಲ್ಲಿ (ಫೀಡರುಗಳೆಲ್ಲ ಹೊರಡುವ ಬಸ್‌ಬಾರಿನಲ್ಲಿ) ಮೂರೂ ಫೇಸ್ ಕೂಡಿಕೊಂಡರೆ 8,000 ಆಂಪಿಯರ್ ಹರಿಯುತ್ತದೆ ಎನ್ನೋಣ. ಅಲ್ಲಿಂದ ಹೊರಡುವ ಫೀಡರಿನ ರಿಲೇಗೆ 400 ಆಂಪಿಯರ್ ಪಿಕಪ್ (ಅದು ಎಚ್ಚರಗೊಳ್ಳುವ ಕರೆಂಟು), 0.1 ಕಾಲಗುಣಕ. ಫೀಡರ್ ಹೊರಟ ಮೊದಲ ಕಂಬದಲ್ಲೇ ದೋಷವಾದರೆ ಗುಣಾಂಕ 20, ರಿಲೇ 0.23 ಸೆಕೆಂಡಿನಲ್ಲಿ ಟ್ರಿಪ್ ಕೊಡುತ್ತದೆ.

ಅದರ ಹಿಂದಿನ, ಟ್ರಾನ್ಸ್‌ಫಾರ್ಮರಿನಿಂದ ಬಸ್ಸಿಗೆ ಕರೆಂಟು ತರುವ ಇನ್‌ಕಮರ್ ಬ್ರೇಕರಿನ ರಿಲೇಗೆ 1,200 ಆಂಪಿಯರ್ ಪಿಕಪ್. ಅದೇ 8,000 ಆಂಪಿಯರಿಗೆ ಅದರ ಗುಣಾಂಕ 6.67. ಅದು 0.3 ಸೆಕೆಂಡ್ ತಡವಾಗಿ ಬರಬೇಕೆಂದರೆ ಕಾಲಗುಣಕ 0.15 ಆಗಬೇಕು, ಕಾಲ 0.54 ಸೆಕೆಂಡ್. 66 ಕಿಲೋವೋಲ್ಟ್ ಕಡೆ ಅದೇ ದೋಷ 1,333 ಆಂಪಿಯರ್ ಆಗಿ ಕಾಣುತ್ತದೆ. 250 ಆಂಪಿಯರ್ ಪಿಕಪ್ಪಿಗೆ 0.21 ಕಾಲಗುಣಕ ಇಟ್ಟರೆ 0.86 ಸೆಕೆಂಡ್. ಮೂರು ಮೆಟ್ಟಿಲು ಸಿದ್ಧವಾಯಿತು: 0.23, 0.54, 0.86. ಟ್ರಾನ್ಸ್‌ಫಾರ್ಮರ್ 2 ಸೆಕೆಂಡ್‌ವರೆಗೆ ಷಾರ್ಟ್ ಸರ್ಕ್ಯೂಟ್ ತಾಳುವಂತೆ ಮಾನಕ ಕೇಳುವುದರಿಂದ ಅದರ ಮಿತಿಯೊಳಗೇ ಇದ್ದೇವೆ.

ಈ ಪರೀಕ್ಷೆಯನ್ನು ಅತಿ ಹೆಚ್ಚು ದೋಷದ ಕರೆಂಟಿಗೆ ಮಾಡುವುದೇಕೆ ಎಂಬುದನ್ನೂ ನೋಡಬೇಕು. ಫೀಡರಿನ ನಡುದಾರಿಯಲ್ಲಿ 3,000 ಆಂಪಿಯರಿನ ದೋಷವಾದರೆ ಫೀಡರ್ ರಿಲೇ 0.34 ಸೆಕೆಂಡಿಗೆ ಬರುತ್ತದೆ, ಇನ್‌ಕಮರ್ 1.14ಕ್ಕೆ. ಅಂತರ ತಾನಾಗಿಯೇ ಹಿಗ್ಗಿದೆ. ರೇಖೆಗಳು ಒಂದಕ್ಕೊಂದು ಹತ್ತಿರ ಬರುವುದು ಕರೆಂಟು ಅತಿ ದೊಡ್ಡದಾದ ಕಡೆ. ಅಲ್ಲಿ ಅಂತರ ಸಾಕಷ್ಟಿದ್ದರೆ ಉಳಿದೆಡೆ ಚಿಂತೆಯಿಲ್ಲ.

ಇನ್ನು ಬೇಸಿಗೆಯಲ್ಲಿ ಲೋಡ್ ಏರಿ ಫೀಡರ್ ಪದೇ ಪದೇ ಟ್ರಿಪ್ ಆಗುತ್ತದೆ ಎನ್ನೋಣ. ದೂರುಗಳ ಒತ್ತಡಕ್ಕೆ ಯಾರೋ ಪಿಕಪ್ಪನ್ನು 600ಕ್ಕೂ ಕಾಲಗುಣಕವನ್ನು 0.2ಕ್ಕೂ ಏರಿಸುತ್ತಾರೆ. ಫೀಡರ್ ಶಾಂತವಾಗುತ್ತದೆ, ಎಲ್ಲರಿಗೂ ಸಮಾಧಾನ. ಆದರೆ 8,000 ಆಂಪಿಯರಿಗೆ ಆ ರಿಲೇಯ ಕಾಲ ಈಗ 0.53 ಸೆಕೆಂಡ್, ಇನ್‌ಕಮರಿನದು 0.54. ಮಳೆಗಾಲದ ಮೊದಲ ಗಾಳಿಗೆ ಉಪಕೇಂದ್ರದ ಬೇಲಿಯಾಚೆ ಕೊಂಬೆಯೊಂದು ತಂತಿಯ ಮೇಲೆ ಬಿದ್ದರೆ ಫೀಡರಿನ ಬ್ರೇಕರ್ ತೆರೆದುಕೊಳ್ಳುವ ಮೊದಲೇ ಇನ್‌ಕಮರಿಗೂ ಆದೇಶ ಹೋಗಿರುತ್ತದೆ, ಬಸ್ಸಿನ ಮೇಲಿರುವ ಎಲ್ಲ ಫೀಡರುಗಳೂ ಆರಿಹೋಗುತ್ತವೆ. ಹೊಂದಾಣಿಕೆ ಕೆಡುವುದು ಬಹುಪಾಲು ಇಂಥ ಸದುದ್ದೇಶದ ತಿದ್ದುಪಡಿಗಳಿಂದಲೇ.

ಮೆಟ್ಟಿಲು ಪದ್ಧತಿಗೆ ಇನ್ನೊಂದು ಕೊರತೆಯಿದೆ. ದೋಷ ಬಸ್ಸಿನಲ್ಲೇ ಆದರೆ ಅದನ್ನು ತೆರವುಗೊಳಿಸಬೇಕಾದ್ದು ಇನ್‌ಕಮರ್. ಮುಂದೆ ಯಾರೂ ಇಲ್ಲದಿದ್ದರೂ ಅದು 0.54 ಸೆಕೆಂಡ್ ಸುಮ್ಮನೆ ಕಾಯುತ್ತದೆ. ಈಗ ಫೀಡರಿನ ರಿಲೇಗಳು ದೋಷ ಕಂಡ ಕೂಡಲೇ ಇನ್‌ಕಮರಿಗೆ ‘ತಡೆ’ ಸಂಕೇತ ಕಳಿಸುವ ವ್ಯವಸ್ಥೆ ಮಾಡುತ್ತಾರೆ. ಸಂಕೇತ ಬಂದರೆ ಇನ್‌ಕಮರ್ ಕಾಯುತ್ತದೆ. ಬರದಿದ್ದರೆ ದೋಷ ಬಸ್ಸಿನಲ್ಲೇ ಇದೆ ಎಂದು ತಿಳಿದು 0.1 ಸೆಕೆಂಡಿನಲ್ಲಿ ಟ್ರಿಪ್ ಆದೇಶ ಕೊಡುತ್ತದೆ. ಐಇಸಿ 61850 ಮಾನಕದ ಸಂವಹನ ಬಂದ ಮೇಲೆ ಈ ಸಂಕೇತಕ್ಕೆ ಪ್ರತ್ಯೇಕ ತಂತಿಯೂ ಬೇಕಿಲ್ಲ. ಹಣಕ್ಕೆ ಹೋಲಿಸಿದರೆ ಇದಕ್ಕಿಂತ ಲಾಭದ ಸುಧಾರಣೆ ವಿತರಣಾ ಉಪಕೇಂದ್ರದಲ್ಲಿ ಇನ್ನೊಂದಿಲ್ಲ.

ಫ್ಯೂಸು, ಟಿಸಿ, ಪಂಪ್‌ಸೆಟ್

ಫೀಡರಿನಿಂದಾಚೆಗೆ ಹಳ್ಳಿಯ ಟಿಸಿಗಳು, ಅಂದರೆ ವಿತರಣಾ ಟ್ರಾನ್ಸ್‌ಫಾರ್ಮರುಗಳು, ಇವೆ. 100 ಕೆವಿಎ ಟಿಸಿಯ ಪೂರ್ಣ ಲೋಡ್ ಕರೆಂಟು 11 ಕಿಲೋವೋಲ್ಟ್ ಕಡೆ ಐದೂಕಾಲು ಆಂಪಿಯರ್ ಮಾತ್ರ. ಅದರ ಕಂಬದ ಮೇಲಿನ ಎಚ್‌ಟಿ ಫ್ಯೂಸ್ ಸರಿಯಾದ ಗಾತ್ರದ್ದಾಗಿದ್ದರೆ ಟಿಸಿಯೊಳಗೆ ದೋಷವಾದಾಗ ಅದೇ ಮೊದಲು ಕರಗುತ್ತದೆ, ಒಂದು ಕೇರಿ ಮಾತ್ರ ಕತ್ತಲಾಗುತ್ತದೆ. ಕೈಗೆ ಸಿಕ್ಕ ಅಲ್ಯೂಮಿನಿಯಂ ಎಳೆಯನ್ನು ಫ್ಯೂಸಿನ ಜಾಗದಲ್ಲಿ ಸುತ್ತಿದರೆ ಅದು ಕರಗುವುದಿಲ್ಲ. ಟಿಸಿ ಸುಡುತ್ತದೆ, ಉಪಕೇಂದ್ರದ ಬ್ರೇಕರ್ ಇಡೀ ಫೀಡರನ್ನು ಬೀಳಿಸುತ್ತದೆ. ಉಪಕೇಂದ್ರದಲ್ಲಿ ಎಷ್ಟೇ ದುಬಾರಿ ರಿಲೇ ಕೂರಿಸಿದ್ದರೂ ಈ ಎರಡಿಂಚಿನ ತಂತಿಯ ಮುಂದೆ ಅದರ ಲೆಕ್ಕ ನಡೆಯದು. ಎರಡು ಫ್ಯೂಸುಗಳು ಸಾಲಾಗಿರುವಲ್ಲಿ, ಮುಂದಿನದು ಪೂರ್ತಿ ಕಡಿತ ಮಾಡುವಷ್ಟರಲ್ಲಿ ಹುಟ್ಟುವ ಶಾಖ ಹಿಂದಿನದನ್ನು ಕರಗಿಸಲು ಸಾಲದಂತಿರಬೇಕು. ಗಾತ್ರದಲ್ಲಿ ಒಂದಕ್ಕೆರಡು ಅನುಪಾತವಿದ್ದರೆ ಸಾಮಾನ್ಯವಾಗಿ ಇದು ಸಾಧ್ಯ.

ನೀರಾವರಿ ಪಂಪ್‌ಸೆಟ್‌ಗಳ ಫೀಡರುಗಳಲ್ಲಿ ಬೇರೆಯೇ ಒಂದು ತೊಡಕು ಇದೆ. ರೈತರು ರಾತ್ರಿ ತೋಟಕ್ಕೆ ಹೋಗುವುದನ್ನು ತಪ್ಪಿಸಲು ಆಟೋ ಸ್ಟಾರ್ಟರ್ ಹಾಕಿಸಿಕೊಂಡಿರುತ್ತಾರೆ. ತ್ರೀಫೇಸ್ ಬಂದ ಕ್ಷಣ ಸಾಲಿನ ಎಲ್ಲ ಮೋಟಾರುಗಳೂ ಒಟ್ಟಿಗೆ ಎಳೆಯುತ್ತವೆ. ಮೋಟಾರ್ ಹೊರಡುವಾಗ ಪೂರ್ಣ ಲೋಡಿನ ಆರು ಪಟ್ಟಿನಷ್ಟು ಕರೆಂಟು ತೆಗೆದುಕೊಳ್ಳುತ್ತದೆ. ಜೊತೆಗೆ ಟಿಸಿಗಳು ಚಾರ್ಜ್ ಆಗುವಾಗಿನ ಇನ್‌ರಷ್ ಕರೆಂಟು ಸೇರುತ್ತದೆ. ರಿಲೇಗೆ ಇದು ಷಾರ್ಟ್ ಸರ್ಕ್ಯೂಟಿನ ಹಾಗೆಯೇ ಕಾಣುತ್ತದೆ. ಬ್ರೇಕರ್ ಮುಚ್ಚಿದ ಕೂಡಲೇ ಮತ್ತೆ ಬೀಳುವ ಫೀಡರಿನಲ್ಲಿ ಬಹಳ ಸಲ ದೋಷವೇ ಇರುವುದಿಲ್ಲ. ನ್ಯೂಮರಿಕಲ್ ರಿಲೇಯಲ್ಲಿ, ಬ್ರೇಕರ್ ಮುಚ್ಚಿದ ಮೊದಲ ಕೆಲವು ಸೆಕೆಂಡ್‌ಗಳಿಗೆ ಮಾತ್ರ ಪಿಕಪ್ಪನ್ನು ಏರಿಸಿ ಆಮೇಲೆ ಮೊದಲಿನಂತೆ ಇಳಿಸುವ ಸೌಲಭ್ಯವಿದೆ. ಸೆಟ್ಟಿಂಗನ್ನೇ ಶಾಶ್ವತವಾಗಿ ಏರಿಸುವುದಕ್ಕಿಂತ ಇದು ಎಷ್ಟೋ ಮೇಲು.

ತಂತಿ ಕಡಿದು ಒಣ ನೆಲದ ಮೇಲೆ ಬಿದ್ದಾಗ ಮಾತ್ರ ಈ ಎಲ್ಲ ಲೆಕ್ಕವೂ ಸೋಲುತ್ತದೆ. ಆಗ ಹರಿಯುವ ಕರೆಂಟು ಕೆಲವೇ ಆಂಪಿಯರ್; ನೆಲಕ್ಕೆ ಹರಿಯುವ ಕರೆಂಟನ್ನು ಗಮನಿಸುವ ಅರ್ತ್ ಫಾಲ್ಟ್ ರಿಲೇಯ ಪಿಕಪ್ಪನ್ನೂ ಅದು ಮುಟ್ಟದೆ ಇರಬಹುದು. ಬ್ರೇಕರ್ ಮುಚ್ಚಿಯೇ ಇದೆ ಎಂದ ಮಾತ್ರಕ್ಕೆ ಬಿದ್ದ ತಂತಿಯಲ್ಲಿ ದೋಷವಿಲ್ಲ ಎಂದಾಗಲಿ, ಕರೆಂಟಿಲ್ಲ ಎಂದಾಗಲಿ ತಿಳಿಯಬಾರದು.

ಡಿಸ್ಟೆನ್ಸ್ ರಿಲೇಯ ವಲಯಗಳು

220 ಮತ್ತು 400 ಕಿಲೋವೋಲ್ಟ್ ಮಾರ್ಗಗಳಲ್ಲಿ ಅರ್ಧ ಸೆಕೆಂಡ್ ಕಾಯುವ ಮಾತೇ ಇಲ್ಲ. ದೋಷ ಉಳಿದಷ್ಟು ಹೊತ್ತೂ ಜನರೇಟರುಗಳು ವಿದ್ಯುತ್ ಹೊರಗೆ ಕಳಿಸಲಾಗದೆ ವೇಗ ಹೆಚ್ಚಿಸಿಕೊಳ್ಳುತ್ತವೆ. ಒಂದು ಮಿತಿ ದಾಟಿದರೆ ಉಳಿದ ಜಾಲದೊಂದಿಗೆ ಹೆಜ್ಜೆ ತಪ್ಪುತ್ತವೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಗ್ರಿಡ್ ಮಾನಕಗಳ ಪ್ರಕಾರ 765 ಮತ್ತು 400 ಕಿಲೋವೋಲ್ಟ್ ಮಟ್ಟದಲ್ಲಿ ದೋಷ 100 ಮಿಲಿಸೆಕೆಂಡಿನೊಳಗೆ, 220 ಮತ್ತು 132 ಕಿಲೋವೋಲ್ಟ್ ಮಟ್ಟದಲ್ಲಿ 160 ಮಿಲಿಸೆಕೆಂಡಿನೊಳಗೆ ತೆರವಾಗಬೇಕು.

ಇಲ್ಲಿ ಬಳಸುವ ಡಿಸ್ಟೆನ್ಸ್ ರಿಲೇ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ ದೋಷ ಎಷ್ಟು ದೂರದಲ್ಲಿದೆ ಎಂದು ಅಂದಾಜು ಮಾಡುತ್ತದೆ. ಮಾರ್ಗದ ಮೊದಲ 80 ಶೇಕಡಾ ಅದರ ಮೊದಲ ವಲಯ. ಅಲ್ಲಿ ದೋಷವಾದರೆ ತಡವಿಲ್ಲದೆ ಟ್ರಿಪ್. ಪೂರ್ತಿ ನೂರಕ್ಕೆ ಇಡದಿರುವುದಕ್ಕೆ ಕಾರಣ ಅಳತೆಯ ತಪ್ಪು: ಮುಂದಿನ ಉಪಕೇಂದ್ರದಾಚೆಯ ದೋಷವನ್ನು ತನ್ನದೆಂದು ಅದು ಭ್ರಮಿಸಬಾರದು. ಎರಡನೆಯ ವಲಯ ಮಾರ್ಗವನ್ನು ಪೂರ್ತಿ ದಾಟಿ ಸುಮಾರು 120 ಶೇಕಡಾ ತಲುಪುತ್ತದೆ, 0.35ರಿಂದ 0.5 ಸೆಕೆಂಡ್ ಕಾಯುತ್ತದೆ. ಮೂರನೆಯ ವಲಯ ಮುಂದಿನ ಮಾರ್ಗದ ಕೊನೆಯವರೆಗೂ ಕಣ್ಣಿಟ್ಟು, ಒಂದು ಸೆಕೆಂಡಿನ ಆಸುಪಾಸು ಕಾಯುತ್ತದೆ. ಅದು ಕೊನೆಯ ಆಸರೆ. ಮುಂದಿನವರೆಲ್ಲ ಸೋತಾಗ ಮಾತ್ರ ಅದರ ಸರದಿ. ಎರಡು ತುದಿಗಳ ರಿಲೇಗಳನ್ನು ಸಂವಹನದಿಂದ ಜೋಡಿಸಿದರೆ ಕೊನೆಯ 20 ಶೇಕಡಾ ಮಾರ್ಗಕ್ಕೂ ಕಾಯದೆ ಟ್ರಿಪ್ ಪಡೆಯಬಹುದು.

ಬ್ರೇಕರ್ ತೆರೆಯದೇ ಹೋದರೆ

ರಿಲೇ ಸರಿಯಾದ ಹೊತ್ತಿಗೆ ಆದೇಶ ಕೊಟ್ಟರೂ ಬ್ರೇಕರ್ ಸಿಕ್ಕಿಕೊಂಡಿರಬಹುದು, ಟ್ರಿಪ್ ಕಾಯಿಲ್ ಸುಟ್ಟಿರಬಹುದು. ಇದಕ್ಕೆಂದೇ ಇರುವುದು ‘ಎಲ್‌ಬಿಬಿ’ ಎಂದು ಉಪಕೇಂದ್ರದವರು ಕರೆಯುವ ಬ್ರೇಕರ್ ವೈಫಲ್ಯ ರಕ್ಷಣೆ. ಟ್ರಿಪ್ ಆದೇಶ ಹೋದ ಮೇಲೂ ಸುಮಾರು 200 ಮಿಲಿಸೆಕೆಂಡ್ ಕರೆಂಟು ಹರಿಯುತ್ತಲೇ ಇದ್ದರೆ, ಅದೇ ಬಸ್ಸಿಗೆ ಸೇರಿದ ಎಲ್ಲ ಬ್ರೇಕರುಗಳಿಗೂ ಟ್ರಿಪ್ ಹೋಗುತ್ತದೆ. ಡಿಸ್ಟೆನ್ಸ್ ರಿಲೇಯ ಎರಡನೆಯ ವಲಯದ ಕಾಲವನ್ನು ಗೊತ್ತುಮಾಡುವಾಗ ಈ 200 ಮಿಲಿಸೆಕೆಂಡನ್ನು ಲೆಕ್ಕಕ್ಕೆ ಹಿಡಿಯಬೇಕು. ಇಲ್ಲದಿದ್ದರೆ ಮುಂದಿನ ಉಪಕೇಂದ್ರ ತನ್ನ ಮನೆಯನ್ನು ತಾನು ಸರಿಪಡಿಸಿಕೊಳ್ಳುವ ಮೊದಲೇ ಹಿಂದಿನ ಉಪಕೇಂದ್ರದ ಮಾರ್ಗ ಕಡಿದುಬೀಳುತ್ತದೆ.

ಹೊಂದಾಣಿಕೆ ತಪ್ಪಿದ ದಿನಗಳು

1965ರ ನವೆಂಬರ್ 9ರ ಸಂಜೆ ಅಮೆರಿಕದ ಈಶಾನ್ಯ ರಾಜ್ಯಗಳೂ ಕೆನಡಾದ ಒಂಟಾರಿಯೊ ಪ್ರಾಂತ್ಯವೂ ಕತ್ತಲಲ್ಲಿ ಮುಳುಗಿದವು. ಒಂಟಾರಿಯೊದ ಸರ್ ಆಡಮ್ ಬೆಕ್ ಜಲವಿದ್ಯುತ್ ಕೇಂದ್ರದಿಂದ ಹೊರಟ ಐದು 230 ಕಿಲೋವೋಲ್ಟ್ ಮಾರ್ಗಗಳಲ್ಲಿ ಒಂದರ ಬ್ಯಾಕಪ್ ರಿಲೇ ಇದಕ್ಕೆ ಕಾರಣ. ಅದರ ಸೆಟ್ಟಿಂಗ್ 1963ರಲ್ಲಿ ಇಟ್ಟದ್ದು; ಎರಡು ವರ್ಷಗಳಲ್ಲಿ ಮಾರ್ಗದ ಲೋಡ್ ಏರಿ ಆ ಮಿತಿಯನ್ನು ಮುಟ್ಟಿತ್ತು. ಯಾವ ದೋಷವೂ ಇಲ್ಲದೆ ರಿಲೇ ಟ್ರಿಪ್ ಕೊಟ್ಟಿತು. ಉಳಿದ ನಾಲ್ಕು ಮಾರ್ಗಗಳು ಮೂರು ಸೆಕೆಂಡಿನೊಳಗೆ ಒಂದರ ಹಿಂದೊಂದು ಬಿದ್ದವು. ಸುಮಾರು 3 ಕೋಟಿ ಜನ ಕತ್ತಲಲ್ಲಿ ಉಳಿದರು.

2003ರ ಆಗಸ್ಟ್ 14ರಂದು ಅದೇ ಪ್ರದೇಶದಲ್ಲಿ ಸುಮಾರು 5 ಕೋಟಿ ಜನರನ್ನು ಬಾಧಿಸಿದ ಕತ್ತಲಿನಲ್ಲೂ ಒಹಾಯೊ ರಾಜ್ಯದ ಸ್ಯಾಮಿಸ್–ಸ್ಟಾರ್ 345 ಕಿಲೋವೋಲ್ಟ್ ಮಾರ್ಗ ಮೂರನೆಯ ವಲಯದ ರಿಲೇಯಿಂದ ಕಡಿದುಹೋದದ್ದು ತಿರುವಿನ ಘಟ್ಟವಾಯಿತು. ಭಾರತದಲ್ಲಿ 2012ರ ಜುಲೈ 30ರ ನಸುಕಿನ 2 ಗಂಟೆ 33 ನಿಮಿಷಕ್ಕೆ 400 ಕಿಲೋವೋಲ್ಟ್‌ನ ಬಿನಾ–ಗ್ವಾಲಿಯರ್ ಮಾರ್ಗ ಹೀಗೆಯೇ ಬಿತ್ತು. ಜೋಡಿ ಮಾರ್ಗ ಕಾಮಗಾರಿಗಾಗಿ ಬಂದ್ ಆಗಿತ್ತು, ಉಳಿದೊಂದರ ಮೇಲೆ ಹೊರೆ ಮಿತಿಮೀರಿತ್ತು. ಕರೆಂಟು ಏರಿ ವೋಲ್ಟೇಜ್ ಇಳಿದಾಗ ರಿಲೇಗೆ ಲೋಡೇ ದೂರದ ದೋಷದಂತೆ ಕಂಡಿತು. ಮೂರನೆಯ ವಲಯ ತನ್ನ ಕಾಲ ಮುಗಿಸಿ ಟ್ರಿಪ್ ಕೊಟ್ಟಿತು, ಉತ್ತರ ಜಾಲ ಕುಸಿಯಿತು. ಮರುದಿನ ಮಧ್ಯಾಹ್ನ 1 ಗಂಟೆಗೆ ಅದೇ ಮಾರ್ಗ, ಅದೇ ವಲಯ. ಈ ಸಲ ಉತ್ತರ, ಪೂರ್ವ, ಈಶಾನ್ಯ ಮೂರೂ ಜಾಲಗಳು ಬಿದ್ದವು. ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶವದು. ತನಿಖಾ ಸಮಿತಿ ರಿಲೇಯನ್ನಷ್ಟೇ ದೂರಲಿಲ್ಲ; ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚು ಎಳೆಯುತ್ತಿದ್ದುದನ್ನೂ ಬೊಟ್ಟುಮಾಡಿ, ಹೊರಗಿನವರಿಂದ ರಕ್ಷಣಾ ವ್ಯವಸ್ಥೆಯ ಪರಿಶೋಧನೆ ಮಾಡಿಸಬೇಕೆಂದು ಹೇಳಿತು.

ಆ ಎರಡು ದಿನವೂ ಕರ್ನಾಟಕ ಸೇರಿದಂತೆ ದಕ್ಷಿಣದ ಜಾಲ ಕುಸಿಯಲಿಲ್ಲ. ಕಾರಣ ನಮ್ಮ ಜಾಣ್ಮೆಯಲ್ಲ: ದಕ್ಷಿಣ ಜಾಲ ಆಗ ಉಳಿದ ಭಾರತದೊಂದಿಗೆ ಡಿಸಿ ಸಂಪರ್ಕಗಳ ಮೂಲಕ ಮಾತ್ರ ಕೂಡಿಕೊಂಡಿತ್ತು. ರಾಯಚೂರು–ಸೋಲಾಪುರ 765 ಕಿಲೋವೋಲ್ಟ್ ಮಾರ್ಗ ಚಾಲೂ ಆಗಿ ಇಡೀ ದೇಶ ಒಂದೇ ಆವರ್ತನದ ಜಾಲವಾದದ್ದು 2013ರ ಡಿಸೆಂಬರ್ 31ರಂದು. ಈಗ ಬಿನಾದ ರಿಲೇಯ ಸೆಟ್ಟಿಂಗ್ ಬೆಂಗಳೂರಿಗೂ ಸಂಬಂಧಪಟ್ಟ ಸಂಗತಿ.

ಮನೆ ಮತ್ತು ಅಪಾರ್ಟ್‌ಮೆಂಟು

ಅಡುಗೆಮನೆಯ ಮಿಕ್ಸಿ ಷಾರ್ಟ್ ಆದಾಗ ನೆಲಮಾಳಿಗೆಯ ಮೀಟರ್ ಬೋರ್ಡಿನ ಎಂಸಿಬಿಯೂ (ಪುಟ್ಟ ಸರ್ಕ್ಯೂಟ್ ಬ್ರೇಕರೂ) ಬೀಳುವುದು ಅನೇಕರ ಅನುಭವ. 16 ಆಂಪಿಯರಿನ ಸಿ ವರ್ಗದ ಎಂಸಿಬಿ 80ರಿಂದ 160 ಆಂಪಿಯರಿನ ನಡುವೆ ತಕ್ಷಣ ಬೀಳುತ್ತದೆ, ಅದರ ಹಿಂದಿನ 32 ಆಂಪಿಯರಿನದು 160ರಿಂದ 320ರ ನಡುವೆ. ಷಾರ್ಟಿನ ಕರೆಂಟು 1,000 ಆಂಪಿಯರ್ ಆಗಿದ್ದರೆ ಎರಡೂ ತತ್‌ಕ್ಷಣದ ಮಿತಿ ದಾಟಿರುತ್ತವೆ. ಯಾವುದು ಮೊದಲು ಎಂಬುದಕ್ಕೆ ಖಾತರಿಯಿಲ್ಲ. ಎಂಸಿಬಿಗಳಲ್ಲಿ ಕಾಯುವ ಸೌಲಭ್ಯ ಇರುವುದಿಲ್ಲ. ದೊಡ್ಡ ಕಟ್ಟಡದ ಮುಖ್ಯ ಬೋರ್ಡಿನ ಏರ್ ಸರ್ಕ್ಯೂಟ್ ಬ್ರೇಕರಿನಲ್ಲಿ ಮಾತ್ರ 0.1ರಿಂದ 0.4 ಸೆಕೆಂಡ್ ತಡ ಇಡಬಹುದು, ಏಕೆಂದರೆ ಆ ಹೊತ್ತಿನಷ್ಟು ಪೂರ್ಣ ದೋಷದ ಕರೆಂಟನ್ನು ತಾಳುವಂತೆ ಅದನ್ನು ಕಟ್ಟಿರುತ್ತಾರೆ. ಸೋರಿಕೆ ಕರೆಂಟನ್ನು ಗುರುತಿಸಿ ಬೀಳುವ ಆರ್‌ಸಿಸಿಬಿಗಳಲ್ಲಿ ಈ ಸಮಸ್ಯೆಗೆ ಸುಲಭ ಪರಿಹಾರವಿದೆ: ಮನೆಯೊಳಗೆ 30 ಮಿಲಿಆಂಪಿಯರಿನ ಸಾಧಾರಣ ಆರ್‌ಸಿಸಿಬಿ, ಮುಖ್ಯ ಬೋರ್ಡಿನಲ್ಲಿ 100 ಅಥವಾ 300 ಮಿಲಿಆಂಪಿಯರಿನ ‘ಎಸ್’ ಗುರುತಿನ, ತಡವಾಗಿ ಬೀಳುವ ಆರ್‌ಸಿಸಿಬಿ.

ಸೌರವಿದ್ಯುತ್ ತಂದ ಬದಲಾವಣೆ

ಮೇಲಿನ ಲೆಕ್ಕಗಳೆಲ್ಲ, ದೋಷದ ಕರೆಂಟು ಒಂದೇ ಕಡೆಯಿಂದ ಬರುತ್ತದೆ ಮತ್ತು ಅದು ಲೋಡಿಗಿಂತ ಎಷ್ಟೋ ಪಟ್ಟು ದೊಡ್ಡದಿರುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿವೆ. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕಿನಂಥ ಕಡೆ ಎರಡನೆಯ ನಂಬಿಕೆ ಸಡಿಲಾಗುತ್ತದೆ. ತಿರುಗುವ ಜನರೇಟರ್ ದೋಷಕ್ಕೆ ತನ್ನ ಸಾಮರ್ಥ್ಯದ ಹಲವು ಪಟ್ಟು ಕರೆಂಟು ಕೊಟ್ಟರೆ, ಸೌರ ಇನ್ವರ್ಟರ್ ಸಾಧಾರಣವಾಗಿ ಒಂದೂಕಾಲು ಪಟ್ಟಿನ ಆಸುಪಾಸಿನಲ್ಲೇ ತನ್ನನ್ನು ಹಿಡಿದುಕೊಳ್ಳುತ್ತದೆ. ಅಷ್ಟು ಕರೆಂಟಿಗೆ ವಿಲೋಮ ರಿಲೇ ತೀರ ತಡವಾಗಿ ಬರುತ್ತದೆ, ಅಥವಾ ಬರುವುದೇ ಇಲ್ಲ. ಚಾವಣಿಯ ಸೌರಫಲಕಗಳು ಹೆಚ್ಚಿದ ಫೀಡರುಗಳಲ್ಲಿ ಮೊದಲನೆಯ ನಂಬಿಕೆಯೂ ಉಳಿಯದು; ಕರೆಂಟು ಹಿಮ್ಮುಖವಾಗಿಯೂ ಹರಿಯುವುದರಿಂದ ದಿಕ್ಕನ್ನು ಗುರುತಿಸುವ ರಿಲೇಗಳು ಬೇಕಾಗುತ್ತವೆ. ಮೆರ್ಜ್ ಮತ್ತು ಪ್ರೈಸರ ಡಿಫರೆನ್ಷಿಯಲ್ ತತ್ವ ಈಗ ಆಪ್ಟಿಕಲ್ ಫೈಬರಿನ ಮೇಲೆ ಮರಳಿ ಬರುತ್ತಿರುವುದಕ್ಕೆ ಇದೂ ಒಂದು ಕಾರಣ.

ಪರೀಕ್ಷೆ ಮತ್ತು ಪರಿಶೋಧನೆ

ಕಾಗದದ ಮೇಲಿನ ಕಾಲ ನಿಜವಾದ ಬ್ರೇಕರಿನಲ್ಲಿದೆಯೇ ಎಂಬುದನ್ನು ಟೈಮಿಂಗ್ ಕಿಟ್ ಹೇಳುತ್ತದೆ. ಟ್ರಿಪ್ ಕಾಯಿಲಿಗೆ ವೋಲ್ಟೇಜ್ ಕೊಟ್ಟ ಕ್ಷಣದಿಂದ ಪ್ರತಿ ಫೇಸಿನ ಸಂಪರ್ಕ ಬೇರ್ಪಡುವವರೆಗಿನ ಕಾಲವನ್ನು ಅದು ಮಿಲಿಸೆಕೆಂಡ್‌ಗಳಲ್ಲಿ ದಾಖಲಿಸುತ್ತದೆ. ತೆರೆಯುವಾಗ ಮೂರು ಫೇಸ್‌ಗಳ ನಡುವಿನ ವ್ಯತ್ಯಾಸ ಒಂದು ಸೈಕಲಿನ ಆರನೆಯ ಒಂದು ಭಾಗ, ಅಂದರೆ 3.3 ಮಿಲಿಸೆಕೆಂಡ್ ಮೀರಬಾರದು ಎಂಬುದು ಐಇಸಿ ಮಾನಕ. ರಿಲೇಗೆ ಪ್ರತ್ಯೇಕ ಕಿಟ್‌ನಿಂದ ಕರೆಂಟು ಹರಿಸಿ ಅದರ ರೇಖೆಯನ್ನು ಪರೀಕ್ಷಿಸುತ್ತಾರೆ. ಇವೆರಡರ ಜೊತೆ ನೋಡಬೇಕಾದ ಇನ್ನೊಂದಿದೆ, ಸಿಟಿಯ ಅನುಪಾತ. ಲೋಡ್ ಹೆಚ್ಚಿತೆಂದು ಸಿಟಿಯ ಟ್ಯಾಪನ್ನು 400ರಿಂದ 600ಕ್ಕೆ ಬದಲಿಸಿ ರಿಲೇಯನ್ನು ಹಾಗೆಯೇ ಬಿಟ್ಟರೆ, ಸೆಟ್ಟಿಂಗ್ ರಿಜಿಸ್ಟರಿನಲ್ಲಿ ಒಂದಕ್ಷರವೂ ತಿದ್ದದೆ ಪಿಕಪ್ ಒಂದೂವರೆ ಪಟ್ಟು ಏರಿರುತ್ತದೆ. ಬ್ರೇಕರುಗಳ ಷಾರ್ಟ್ ಸರ್ಕ್ಯೂಟ್ ಸಾಮರ್ಥ್ಯದ ಪರೀಕ್ಷೆಗಳಿಗೆ ದೇಶದ ಮುಖ್ಯ ಕೇಂದ್ರಗಳಲ್ಲೊಂದು 1960ರಲ್ಲಿ ಸ್ಥಾಪನೆಯಾದ, ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ.

2023ರ ಭಾರತೀಯ ವಿದ್ಯುತ್ ಗ್ರಿಡ್ ಸಂಹಿತೆ ರಕ್ಷಣಾ ವ್ಯವಸ್ಥೆಯನ್ನು ಪ್ರತಿ ವರ್ಷ ಆಂತರಿಕವಾಗಿ, ಐದು ವರ್ಷಕ್ಕೊಮ್ಮೆ ಹೊರಗಿನವರಿಂದ ಪರಿಶೋಧಿಸಬೇಕೆಂದು ವಿಧಿಸಿದೆ. ಹೊರಗಿನ ಪರಿಶೋಧನೆಯ ನಿಯಮ ದೇಶದ ಬಹುಭಾಗದಲ್ಲಿ 220 ಕಿಲೋವೋಲ್ಟ್ ಮತ್ತು ಮೇಲಿನ ಉಪಕೇಂದ್ರಗಳಿಗೆ ಅನ್ವಯಿಸುತ್ತದೆ. ಸಾಮಾನ್ಯ ಗ್ರಾಹಕರಿಗೆ ದಿನನಿತ್ಯ ತಟ್ಟುವ ಟ್ರಿಪ್‌ಗಳು ಬಹುಮಟ್ಟಿಗೆ ಅದಕ್ಕಿಂತ ಕೆಳಗಿನ 66, 33 ಮತ್ತು 11 ಕಿಲೋವೋಲ್ಟ್ ಮಟ್ಟದವು. ಅಲ್ಲಿಯೂ ಪ್ರತಿ ಬೇಸಿಗೆಗೆ ಮುನ್ನ ಸಿಟಿ ಅನುಪಾತ, ಪಿಕಪ್, ಕಾಲಗುಣಕ ಮೂರನ್ನೂ ರಿಜಿಸ್ಟರಿಗೆ ತಾಳೆ ನೋಡುವುದು ಕಡ್ಡಾಯವಾಗಬೇಕು.